ತಿರುಗಿ ಕೇಳದ ಕಪ್ಪು ಪರದೆ

ಧಾರವಾಡದ ಕಂಪ್ಯೂಟರ್ ಕ್ಲಾಸಿನಲ್ಲಿ ನಮಗೆ ಲಿನಕ್ಸ್ ಕಲಿಸುತ್ತಿದ್ದ ಸರ್‌ಗೆ ವಿಂಡೋಸ್ ಕಂಡರೆ ಮೈಯೆಲ್ಲ ಉರಿ. ಏನನ್ನೇ ಅಳಿಸಹೋದರೂ ಅದು ‘ನಿಜವಾಗಿಯೂ ಅಳಿಸಲೇ?’ ಎಂದು ಕೇಳುತ್ತದಲ್ಲ, ಅದಕ್ಕೆ. “ಹೇಳಿದ್ದು ಮಾಡಬೇಕ್ರಿ, ತಿರುಗಿ ಕೇಳಬಾರ್ದು,” ಎನ್ನುತ್ತ ವಿಂಡೋಸಿನೊಳಗೇ ಲಿನಕ್ಸಿನ ಕಪ್ಪು ಪರದೆ ತೆರೆದು, ಆಜ್ಞೆ ಟೈಪಿಸಿ, ಉಂಗುರದ ಬೆರಳಿನಿಂದ ಎಂಟರ್ ಕೀಲಿಯನ್ನು ಟಕ್ಕೆಂದು ಕುಟ್ಟುತ್ತಿದ್ದರು.

ಅವತ್ತು ಪಾಠಕ್ಕೆ ತಮ್ಮದೇ ಲ್ಯಾಪ್‌ಟಾಪ್ ತೆರೆದರು. “ಈ ಲಿನಕ್ಸ್ ಬ್ಯಾರೇನ ಮನಿ. ಪೂರಾ ಅಳಿಸಿದ್ರೂ ವಿಂಡೋಸಿಗೆ ಏನೂ ಆಗಂಗಿಲ್ಲ, ನೋಡ್ರಿ,” ಎಂದು ಎಲ್ಲವನ್ನೂ ಅಳಿಸುವ ಆಜ್ಞೆ ಕೊಟ್ಟರು. ಟಕ್.

“ಸರ್, ನಿಮ್ಮ ಡಿ ಡ್ರೈವ್ ಈ ಮನಿ ಒಳಗಿಂದನೂ ಕಾಣ್ತೈತಲ್ರಿ, ಅದೂ ಅಳಿಸಿ ಹೋಗಂಗಿಲ್ಲೇನ್ರಿ?” ಎಂದೆ ನಾನು.

ಡಿ ಡ್ರೈವಿನಲ್ಲಿ ಅವರ ತೀರಿಕೊಂಡ ತಾಯಿ ಹಾಡಿದ ವಚನಗಳಿದ್ದವು. ಊಟದ ಹೊತ್ತಿಗೆ ನಮಗೂ ಕೇಳಿಸುತ್ತಿದ್ದರು. ತೆರೆದು ನೋಡಿದರು. ಖಾಲಿ. ರೀಸೈಕಲ್ ಬಿನ್ ತೆರೆದರು. ಅದೂ ಖಾಲಿ. ಕಪ್ಪು ಪರದೆಯಲ್ಲಿ ಅಳಿಸಿದ್ದು ಅಲ್ಲಿಗೆ ಬರುವುದಿಲ್ಲವೆಂದು ನಮಗೆ ಕಲಿಸಿದ್ದೇ ಅವರು.

ಆಮೇಲೆ ಸರ್, ಎದುರಿಗೆ ಕೂತ ಹಿರಿಯರನ್ನು ಕೇಳುವಂತೆ ಲ್ಯಾಪ್‌ಟಾಪನ್ನು ಕೇಳಿದರು:

“ಒಂದ್ ಮಾತರ ಕೇಳಬಾರ್ದಿತ್ತೇನ್ರಿ?”