ಎರಡು ನಿಮಿಷ ಅಲುಗಾಡಬೇಡ, ಅವ್ವ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಕೈಗೆ ದೊಡ್ಡ ಕ್ಯಾಮೆರಾ ಬಂದಾಗ ನಾನು ಹಾಡಹಗಲಲ್ಲಿ ಅದರ ಲೆನ್ಸಿಗೆ ಕಪ್ಪು ಗಾಜು ಹಾಕಿದೆ. ಆ ಗಾಜು ಬೆಳಕನ್ನು ತಡೆಯುವುದರಿಂದ ಶಟರನ್ನು ಎರಡು ನಿಮಿಷ ತೆರೆದಿಡಬಹುದು. ಅಷ್ಟರಲ್ಲಿ ಹರಿಯುವ ನೀರು ಚಿತ್ರದಲ್ಲಿ ಹಾಲಿನಂತೆ ನುಣ್ಣಗಾಗುತ್ತದೆ. ಇದಕ್ಕೆ ಕಲೆ ಎನ್ನುತ್ತಾರೆ. ಕೋಲ್ಕತ್ತದ ಸರ್ಕಾರಿ ಕಚೇರಿಯಲ್ಲಿ ಫೈಲುಗಳನ್ನು ತಿಂಗಳುಗಟ್ಟಲೆ ಅಲುಗಾಡದಂತೆ ನೋಡಿಕೊಂಡ ನನಗೆ ಎರಡು ನಿಮಿಷ ಯಾವ ಲೆಕ್ಕ?

ಆಗ ಅವ್ವ ಧಾರವಾಡದಿಂದ ಕೋಲ್ಕತ್ತದ ಬಾಲಿಗಂಜ್‌ನ ನಮ್ಮ ಮನೆಗೆ ಒಂದು ತಿಂಗಳ ಮಟ್ಟಿಗೆ ಬಂದಿದ್ದಳು. ಕೇಳಿದ್ದು ಒಂದೇ. ಗಂಗಾನದಿ ಅವಳ ಬಾಯಲ್ಲಿ ಗಂಗವ್ವ.

"ಗಂಗವ್ವನ ಮುಂದ ನಿಂತದ್ದು ನಂದೊಂದು ಫೋಟೋ ಹೊಡಿಯೋ. ಊರಾಗ ಎಲ್ಲಾರಿಗೂ ತೋರಸ್ತೀನಿ."

ಫೋನಿನಲ್ಲಿ ಕ್ಷಣದ ಕೆಲಸ. ಆದರೆ ಹೆತ್ತ ತಾಯಿಗೆ ಫೋನಿನ ಫೋಟೋ ಕೊಡುವಷ್ಟು ಕೆಟ್ಟ ಮಗ ನಾನಲ್ಲ.

ಮೊದಲ ಭಾನುವಾರ ಅವ್ವನನ್ನೂ ನನ್ನ ಮಗಳನ್ನೂ ಕರೆದುಕೊಂಡು ಮೆಟ್ರೊದಲ್ಲಿ ಗಂಗೆಯ ದಡದ ದಕ್ಷಿಣೇಶ್ವರದ ಕಾಳಿ ಗುಡಿಗೆ ಹೋಗಿ, ಫೆರಿ ಹತ್ತುವ ಕಟ್ಟೆಯ ಮೇಲೆ ಟ್ರೈಪಾಡ್ ಹೂಡಿದೆ. ಆ ಕಟ್ಟೆ ನೀರಿನ ಮೇಲೆ ತೇಲುತ್ತದೆ ಎಂಬುದು ಈ ಊರಿನ ಎಳೆಮಕ್ಕಳಿಗೂ ಗೊತ್ತು. ಚಿತ್ರದಲ್ಲಿ ಗುಡಿಯ ಶಿಖರ, ಅವ್ವ ಎಲ್ಲ ಸೇರಿ ಕಲಸಿದ ಹಿಟ್ಟಾಗಿದ್ದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಪಾಲಿಗೆ ನೆಲವೇ ಕುಣಿಯುತ್ತಿತ್ತು.

"ಹೋಗ್ಲಿ ಬಿಡು, ಫೋನಿನ್ಯಾಗ ಹೊಡಿ" ಎಂದಳು ಅವ್ವ. ಕಲೆ ನಿನಗೆ ತಿಳಿಯುವುದಿಲ್ಲ ಎಂದು ಸಿಡುಕಿದೆ.

ಎರಡನೇ ಭಾನುವಾರ ಗಟ್ಟಿ ನೆಲದ ಮೇಲೆ, ನದಿಗಿಳಿಯುವ ಘಾಟಿನ ಮೆಟ್ಟಿಲಲ್ಲೇ ನಿಂತೆ. ಆದರೆ ಮೊದಲೇ ಕಪ್ಪು ಗಾಜು ಹಾಕಿ ಆಮೇಲೆ ಫೋಕಸ್ ಮಾಡಹೊರಟೆ. ಆ ಕತ್ತಲಲ್ಲಿ ಕ್ಯಾಮೆರಾಕ್ಕೆ ಏನೂ ಕಾಣಲಿಲ್ಲ, ಎಲ್ಲ ಮಂಜು. ಮೊದಲು ಫೋಕಸ್ ಮಾಡಿ, ಅದು ಕದಲದಂತೆ ಮಾಡಿ, ಕೊನೆಗೆ ಗಾಜು ಹಾಕಬೇಕು ಎಂಬ ಜ್ಞಾನೋದಯಕ್ಕೆ ಇನ್ನೊಂದು ವಾರ ಹೋಯಿತು.

ಮೂರನೇ ಸಲ ಹೋದಾಗ ಅದು ಕೊನೆಯ ಭಾನುವಾರ. ಮರುದಿನ ಅವ್ವನ ರೈಲು. ಆ ದಿನ ಎಲ್ಲ ಕೂಡಿಬಂತು. ಟ್ರೈಪಾಡ್ ತಗ್ಗಿಸಿದೆ. ಮೆಟ್ಟಿಲುಗಳು ಚಿತ್ರದ ಎಡ ಮೂಲೆಯಿಂದ ನದಿಯತ್ತ ಓಡುತ್ತಿದ್ದವು, ದೂರದಲ್ಲಿ ಸೇತುವೆ, ಬಲಕ್ಕೆ ನದಿಯಂಚಿನ ಮೆಟ್ಟಿಲ ಮೇಲೆ ಕೆಂಪು ಇಳಕಲ್ ಸೀರೆಯ ಅವ್ವ. ಐಎಸ್‌ಒ ನೂರು, ಅಪರ್ಚರ್ ಹನ್ನೊಂದು, ಕ್ಯಾಮೆರಾದ ಎಲ್ಲ ಅಳತೆಯೂ ಸರಿ. "ಎರಡು ನಿಮಿಷ ಅಲುಗಾಡಬ್ಯಾಡ" ಎಂದು ಗದರಿಸಿ, ಹಿಂದಿನಿಂದ ಬೆಳಕು ನುಸುಳದಂತೆ ಟವೆಲನ್ನು ಕ್ಯಾಮೆರಾಕ್ಕೂ ನನ್ನ ತಲೆಗೂ ಮುಚ್ಚಿಕೊಂಡು ಗಡಿಯಾರ ನೋಡುತ್ತ ಬಗ್ಗಿ ನಿಂತೆ. ನನ್ನ ಬೆನ್ನ ಹಿಂದೆ ಮಗಳು "ಅಜ್ಜಿ, ಇಧರ್ ನೋಡ್ರಿ!" ಎಂದು ಕೂಗಿದಳು. ಟವೆಲಿನೊಳಗಿಂದಲೇ ಅವಳನ್ನೂ ಗದರಿದೆ.

ಚಿತ್ರ ಅದ್ಭುತವಾಗಿ ಬಂದಿತ್ತು. ಮೆಟ್ಟಿಲುಗಳ ಬಿರುಕು ಎಣಿಸಬಹುದಿತ್ತು. ಅವ್ವ ಮಾತ್ರ ಇರಲಿಲ್ಲ. ಅವಳು ನಿಂತ ಕಡೆ ಕುಂಕುಮ ಒರೆಸಿದಂಥ ಒಂದು ಮಸುಕು ಕೆಂಪು, ಅಷ್ಟೇ. ಕದಲುವ ಜನ ಇಂಥ ಚಿತ್ರದಲ್ಲಿ ಮಾಯವಾಗುತ್ತಾರೆಂದು ಕಚೇರಿಯಲ್ಲಿ ಎಲ್ಲರಿಗೂ ಪಾಠ ಮಾಡಿದವನು ನಾನೇ.

"ಗಂಗವ್ವಗ ಬೆನ್ನ ತೋರಿಸಿ ಎಷ್ಟೊತ್ತು ನಿಲ್ಲೂದೋ?" ಎಂದಳು ಅವ್ವ. ತಿರುಗಿ ಕೈಮುಗಿದು, ನಿಂತಲ್ಲೇ ಮೂರು ಸುತ್ತು ಪ್ರದಕ್ಷಿಣೆ ಹಾಕಿ, ಕೆಳಗಿಳಿದು ನೀರನ್ನು ತಲೆಗೆ ಚಿಮುಕಿಸಿಕೊಂಡು ಬಂದಿದ್ದಳಂತೆ. ಆಮೇಲೆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ನಾ ಇಲ್ಲಂದ್ರ ಇಲ್ಲ, ಗಂಗವ್ವ ಎಲ್ಲಿ ಹೋದ್ಳು? ಒಂದು ತೆರಿನೂ ಇಲ್ಲ. ಹಾಲು ಚೆಲ್ಲಿದಂಗೈತಿ."

ಬೆಳಕು ಹೋಗಿತ್ತು. ಸಿಟ್ಟಿನಲ್ಲಿ ಅವರಿಬ್ಬರನ್ನೂ ಹಿಂದೆ ಬಿಟ್ಟು, ಟ್ರೈಪಾಡ್ ಹೊತ್ತು ಮೆಟ್ರೊ ನಿಲ್ದಾಣದತ್ತ ದಾಪುಗಾಲು ಹಾಕಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುಂದಿನ ರಜೆಯಲ್ಲಿ ಧಾರವಾಡಕ್ಕೆ ಹೋದಾಗ ಗೋಡೆಯ ಮೇಲೆ ಕಟ್ಟು ಹಾಕಿದ ಫೋಟೋ ಇತ್ತು. ಮಗಳು ಆ ದಿನ ಫೋನಿನಲ್ಲಿ ಹೊಡೆದದ್ದು. ಹಿಂದೆ ಗಂಗೆಯ ತೆರೆಗಳು, ಅವ್ವನ ಒದ್ದೆ ತಲೆ, ಬಾಯ್ತುಂಬ ನಗು. ಮುಂದೆ ಅರ್ಧ ಚಿತ್ರ ತುಂಬಿಕೊಂಡು, ಟವೆಲಿನಲ್ಲಿ ತಲೆ ಹುದುಗಿಸಿ ಬಗ್ಗಿದ ಒಬ್ಬನ ಹಿಂಭಾಗ. ಪಕ್ಕದ ಮನೆಯಾಕೆ ಅದ್ಯಾರೆಂದು ಕೇಳಿದರು.

"ಇಂವಾನ ರೀ, ನನ್ನ ಮಗ" ಎಂದು ಅವ್ವ ನನ್ನತ್ತ ತೋರಿಸಿದಳು. "ಮುಖ ಕಾಣಂಗಿಲ್ಲ. ಆ ತಿಂಗಳೆಲ್ಲಾ ಹಿಂಗ ಇದ್ದ."