ಕರ್ಪೂರ ಹಾಕಿದ ಸೀಮೆಎಣ್ಣೆ

ಕಳೆದ ತಿಂಗಳು ಕೊಟ್ಟೂರಿನ ಹೊಲಿಗೆ ಯಂತ್ರದ ರಿಪೇರಿ ಅಂಗಡಿಯಲ್ಲಿ ಒಂದು ಬಾಟಲಿ ನೋಡಿದೆ. ಹೆಂಡತಿಯ ಯಂತ್ರ ಬಿಗಿದುಕೊಂಡಿತ್ತು. ಅದರ ತಲೆಭಾಗವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದೆ. ರಿಪೇರಿಯವನು ಗೂಡಿನಿಂದ ಹಳೆಯ ಗಾಜಿನ ಬಾಟಲಿಯೊಂದನ್ನು ತೆಗೆದ. ಒಳಗೆ ಎರಡು ಪದರ: ಕೆಳಗೆ ಜೇನಿನ ಬಣ್ಣದ ಮಂದ ಎಣ್ಣೆ, ಮೇಲೆ ರೇಷನ್ ಸೀಮೆಎಣ್ಣೆಯ ತೆಳು ನೀಲಿ. ಅವನು ಅದನ್ನು ಜೋರಾಗಿ ಅಲುಗಾಡಿಸಿ, ಬಟ್ಟೆಗೆ ಸುರಿದುಕೊಂಡು ಯಂತ್ರದ ಸಂದುಗಳನ್ನು ಉಜ್ಜತೊಡಗಿದ.

"ಸೀಮೆಎಣ್ಣೆ ಈಗೆಲ್ಲಿ ಸಿಗುತ್ತಪ್ಪಾ?" ಎಂದೆ.

"ಸಿಗಂಗಿಲ್ಲ ಸಾರ್. ಹಳೇದು ಉಳಿದೈತಿ, ಅತ್ತರ್ ಇಟ್ಕಂಡಂಗ ಇಟ್ಕಂಡೀನಿ" ಎಂದು ನಕ್ಕ.

ವಾಸನೆ ಮೂಗಿಗೆ ಬಡಿಯಿತು. ಸೀಮೆಎಣ್ಣೆ, ಹರಳೆಣ್ಣೆ... ಇನ್ನೂ ಏನೋ ಒಂದು ಇರಬೇಕಿತ್ತು, ಅದು ಇರಲಿಲ್ಲ. ಇಲ್ಲದ್ದು ಏನೆಂದು ಹೊಳೆಯುವಷ್ಟರಲ್ಲಿ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದೆ. ಕರ್ಪೂರ. ಅಕ್ಕನ ಬಾಟಲಿಯಲ್ಲಿ ಕರ್ಪೂರ ಇರುತ್ತಿತ್ತು.

ಕಾನಹೊಸಹಳ್ಳಿಯಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕನಾಗಿದ್ದಷ್ಟು ಕಾಲ ನಾನು ಬಾಡಿಗೆಗಿದ್ದದ್ದು ಅವರ ಮನೆಯ ಮುಂದಿನ ಕೋಣೆಯಲ್ಲಿ. ಊರವರಂತೆ ನಾನೂ ಅವರನ್ನು ಅಕ್ಕ ಎನ್ನುತ್ತಿದ್ದೆ. ನನಗಾಗ ಮೂವತ್ತು, ಅವರಿಗೆ ಐವತ್ತರ ಆಸುಪಾಸು. ಮದುವೆಯಾಗಿ ಒಂದೇ ವರ್ಷಕ್ಕೆ ತವರಿಗೆ ಮರಳಿದ್ದರು. ಏಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರ ತಮ್ಮ ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿ ಇಟ್ಟ ಮೇಲೆ ಊರ ಹೊರಗೆ, ಗುಡ್ಡದ ಬುಡದಲ್ಲಿದ್ದ ನಾಲ್ಕು ಎಕರೆಯನ್ನು ಅಪ್ಪ ಮಗಳು ಇಬ್ಬರೇ ನೋಡಿಕೊಳ್ಳುತ್ತಿದ್ದರು. ಶೇಂಗಾ ಬಲಿತರೆ ಹಂದಿ, ಮೆಕ್ಕೆಜೋಳದ ತೆನೆ ಹಾಲುಗಟ್ಟಿದರೆ ಕರಡಿ. ಅದಕ್ಕೆಂದೇ ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಇತ್ತು. ನಳಿಗೆಯ ಬಾಯಿಯಿಂದಲೇ ಮದ್ದು ತುಂಬುವ ಒಂಟಿ ನಳಿಗೆಯ ಹಳೇ ಬಂದೂಕು. ಗುಂಡು ಹಾಕುತ್ತಿರಲಿಲ್ಲ. ಬರೀ ಮದ್ದು ಹಾಕಿ ಹಾರಿಸಿದರೆ ಆ ಸದ್ದಿಗೇ ಪ್ರಾಣಿಗಳು ಗುಡ್ಡ ಹತ್ತುತ್ತಿದ್ದವು.

ನಾನು ಆ ಮನೆಗೆ ಹೋದ ಎರಡನೆಯ ವರ್ಷಕ್ಕೆ ಅವರ ಅಪ್ಪ ತೀರಿಕೊಂಡರು. ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅಕ್ಕ ಅರ್ಜಿ ಹಾಕಿದರು. ಕಚೇರಿಯಲ್ಲಿ ಒಬ್ಬರು, "ಹೆಣ್ಮಗಳಿಗ್ಯಾಕಮ್ಮ ಬಂದೂಕು?" ಎಂದರಂತೆ. "ಹಂದಿ ಬರೋವಾಗ ಹೊಲ ಗಂಡಸಿಂದೋ ಹೆಂಗಸಿಂದೋ ಅಂತ ಕೇಳಿ ಬರಂಗಿಲ್ರಿ ಸಾಹೇಬ್ರ" ಎಂದು ಇವರು ಹೇಳಿದರಂತೆ. ಕಚೇರಿಯವರೂ ನಕ್ಕು ಅರ್ಜಿ ತೆಗೆದುಕೊಂಡರು ಎಂದು ಅವರೇ ನನಗೆ ಹೇಳಿದ್ದು. ಒಂದೇ ಷರತ್ತು. ಬಂದೂಕು ತಪಾಸಣೆಯಲ್ಲಿ ಪಾಸಾಗಬೇಕು. ನಳಿಗೆ ಕೆಟ್ಟಿದ್ದರೆ ಹೆಸರು ಬದಲಾವಣೆ ಇಲ್ಲ, ಬಂದೂಕು ಸರ್ಕಾರಕ್ಕೆ.

ಭಾನುವಾರಗಳಂದು ಅಕ್ಕ ಅದನ್ನು ತೊಳೆಯುವುದನ್ನು ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಮೊದಲು ಒಲೆಯ ಮೇಲೆ ನೀರು ಕುದಿಸುವರು. ಲಾಳಿಕೆಯಿಟ್ಟು ನಳಿಗೆಯ ಬಾಯಿಗೆ ಕುದಿಯುವ ನೀರು ಹೊಯ್ಯುವರು. ಹಿಂಬದಿಯ ಸಣ್ಣ ತೂತಿನಿಂದ ಮಸಿಯಂಥ ನೀರು ಅಂಗಳದ ಕಲ್ಲಿನ ಮೇಲೆ ಹರಿಯುತ್ತಿತ್ತು, ಕೊಳೆತ ಮೊಟ್ಟೆಯ ನಾತ ಹೊತ್ತುಕೊಂಡು. ನೀರು ತಿಳಿಯಾಗುವವರೆಗೆ ಹೊಯ್ಯುವರು. ಆಮೇಲೆ ಉದ್ದನೆಯ ಸರಳಿಗೆ ಬಟ್ಟೆ ಸುತ್ತಿ ಒಳಗೆ ಆಡಿಸಿ, ಬಿಸಿಲಿಗೆ ಒರಗಿಸಿ, ಕೊನೆಗೆ ಬಾಟಲಿ ತರುವರು. ಲೋಟದಷ್ಟು ಸೀಮೆಎಣ್ಣೆಗೆ ಒಂದಿಷ್ಟು ಹರಳೆಣ್ಣೆ, ನಾಲ್ಕು ಕರ್ಪೂರದ ಬಿಲ್ಲೆ. ಅಪ್ಪ ಕಲಿಸಿದ್ದು.

"ಅಕ್ಕಾರ, ಬಂದೂಕಿಗೂ ಮಂಗಳಾರತಿ ಮಾಡ್ತೀರೇನು?" ಎಂದು ನಾನು ಛೇಡಿಸಿದೆ.

"ಮಾಡ್ತೀನ್ರಿ. ನೀವು ದೇವ್ರಿಗೇ ಮಾಡಂಗಿಲ್ಲ, ನಿಮಗೇನ್ ಗೊತ್ತು" ಎಂದರು. "ಕರ್ಪೂರ ಇದ್ದಲ್ಲಿ ತುಕ್ಕು ಸುಳಿಯಂಗಿಲ್ಲ ಅಂತಿದ್ದ ನಮ್ಮಪ್ಪ."

"ಸೀಮೆಎಣ್ಣೆ, ಹರಳೆಣ್ಣೆ ಎರಡೂ ಸರಿಯಾಗಿ ಬೆರೆಯೋದೇ ಇಲ್ಲ. ನೋಡಿ, ಪದರ ಬಿಟ್ಕೊಂಡಿದೆ."

"ಅದಕ್ಕಾ ಅಲುಗಾಡ್ಸೋದು. ಬೆರಿವಲ್ಲು ಅಂತ ಬಿಟ್ಟುಬಿಟ್ರ ಯಾವ ಮನಿ ನಡೀತತ್ರಿ ಮೇಷ್ಟ್ರ?"

ಇದನ್ನೆಲ್ಲ ಇಷ್ಟು ಖಚಿತವಾಗಿ ಬರೆಯುತ್ತಿರುವಾಗಲೇ ನನಗೆ ಅನುಮಾನ. ಈ ಮಾತು ಅವರದೋ, ಇಷ್ಟು ವರ್ಷಗಳಲ್ಲಿ ನಾನೇ ತಿದ್ದಿ ತೀಡಿ ಅವರ ಬಾಯಿಗೆ ಹಾಕಿದ್ದೋ? ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು, ಕಂಡದ್ದನ್ನು ಆಗಲೇ ಬರೆದಿಡಿ, ಆಮೇಲೆ ಬರೆದರೆ ಅದು ಕಂಡದ್ದಾಗಿರುವುದಿಲ್ಲ ಎಂದು. ನಾನು ಆಗ ಏನನ್ನೂ ಬರೆದಿಡಲಿಲ್ಲ.

ಆ ವರ್ಷ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕು. ಎಲ್ಲ ಮುಗಿದ ಮೇಲೆ ವಾಪಸು ಕೊಡುತ್ತಾರೆ. ಎರಡು ಎರಡೂವರೆ ತಿಂಗಳು ಯಾರೂ ಮುಟ್ಟುವುದಿಲ್ಲ. ವಾಪಸು ಬಂದ ಮೇಲೆ ತಪಾಸಣೆ ಎಂದು ಕಚೇರಿಯವರು ಹೇಳಿದ್ದರು. ಒಪ್ಪಿಸುವ ಹಿಂದಿನ ದಿನ ಅಕ್ಕ ಹೊಲದಲ್ಲಿ ಕೊನೆಯ ಸಲ ಮದ್ದು ಹಾರಿಸಿ ಬಂದು, ನೀರು ಕುದಿಯಲಿಟ್ಟಿದ್ದರು.

ನಾನು ಎದ್ದು ಹೋಗಿ ಒಲೆಯಿಂದ ಪಾತ್ರೆ ಇಳಿಸಿದೆ. ಇದು ಮಾತ್ರ ಖಚಿತವಾಗಿ ನೆನಪಿದೆ, ಏಕೆಂದರೆ ಬೆರಳು ಸುಟ್ಟಿತ್ತು.

"ಅಕ್ಕಾರ, ಎರಡು ತಿಂಗಳು ಮುಟ್ಟೋ ಹಾಗಿಲ್ಲ, ಈಗ ನೀರು ಹಾಕ್ತೀರಾ? ಕಬ್ಬಿಣಕ್ಕೆ ನೀರೇ ಶತ್ರು. ಒಂದು ಹನಿ ಒಳಗೆ ಉಳಿದ್ರೂ ಮುಗೀತು" ಎಂದೆ.

"ಕಬ್ಬಿಣ ಕಾಯ್ಬೇಕ್ರಿ. ಕಾದ ಕಬ್ಬಿಣ ತನ್ನ ಮೈ ತಾನೇ ಒರಸ್ಕಂತೈತಿ."

"ಅದು ನಿಮ್ಮಪ್ಪನ ಕಾಲದ್ದು."

ಅಂದು ಸಂಜೆ ನಾನೇ ಒಂದು ಬಾಟಲಿ ತಯಾರಿಸಿದೆ. ಕಾಲೇಜಿನಿಂದ ತಂದಿದ್ದ ಅಳತೆಯ ಗಾಜಿನಲ್ಲಿ ಸೀಮೆಎಣ್ಣೆ, ಟರ್ಪೆಂಟೈನ್, ಯಂತ್ರಕ್ಕೆ ಹಾಕುವ ಎಣ್ಣೆ. ಪದರವಿಲ್ಲ, ಕರ್ಪೂರವಿಲ್ಲ, ನೋಡಲು ಚಹಾದ ಡಿಕಾಕ್ಷನ್ನಿನಷ್ಟು ತಿಳಿ. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಓದಿದೋರು ಮಾಡಿದ್ದು, ಚೆಂದ ಐತಿ" ಎಂದರು. ನಳಿಗೆಗೆ ಅದನ್ನೇ ಹಾಕಿದರು. ನೀರು ಹಾಕಲಿಲ್ಲ. ಇಳಿಸಿಟ್ಟಿದ್ದ ನೀರನ್ನು ಮತ್ತೆ ಕಾಯಿಸಿ ಆ ಸರಳನ್ನು ಮಾತ್ರ ತೊಳೆದಿಟ್ಟರು. ಅದನ್ನು ಠಾಣೆಗೆ ಕೊಡುವುದಿರಲಿಲ್ಲ, ನನ್ನ ಎಣ್ಣೆಯನ್ನು ಅದಕ್ಕೇಕೆ ದಂಡ ಮಾಡುವುದು ಎಂದು.

ಜೂನ್‌ನಲ್ಲಿ ಬಂದೂಕು ಬಂತು. ಅಂಗಳದಲ್ಲಿ ಕೂತು ಅಕ್ಕ ಸರಳಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಗೆ ಇಳಿಸಿದರು. ಅರ್ಧಕ್ಕೆ ತಡೆಯಿತು. ಒತ್ತಿ ಎಳೆದರು. ಬಟ್ಟೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಹೊರಬಂತು. ಇನ್ನೊಂದು ಬಟ್ಟೆ ಸುತ್ತಿದರು. ಅದೂ ಕೆಂಪು. ಆಮೇಲೆ ಎದ್ದು ಹೋಗಿ ಒಲೆ ಹಚ್ಚಿ ನೀರಿಟ್ಟರು...

ಅದೇ ಜೂನ್‌ನಲ್ಲಿ ನಾನು ಮೊದಲ ವರ್ಷದವರಿಗೆ ಮೊದಲ ಪಾಠ ಮಾಡಿದೆ. ಪ್ರತಿ ವರ್ಷ ಅದೇ ಪಾಠ. ಉಪ್ಪು ನೀರಿನಲ್ಲಿ ಕರಗುತ್ತದೆ, ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ. ಎರಡು ಲೋಟ ಇಟ್ಟು ತೋರಿಸುತ್ತೇನೆ. ಮದ್ದು ಸುಟ್ಟರೆ ನಳಿಗೆಯಲ್ಲಿ ಉಳಿಯುವುದು ಬಹುಪಾಲು ಲವಣವೇ. ಗಾಳಿಯ ತೇವ ಕುಡಿದು ಕಬ್ಬಿಣವನ್ನು ತಿನ್ನುವ ಲವಣ. ನೀರೊಂದೇ ಅದನ್ನು ತೊಳೆಯಬಲ್ಲದು. ಅಕ್ಕನ ಎಣ್ಣೆಯಾಗಲಿ ನನ್ನ ಎಣ್ಣೆಯಾಗಲಿ ಮೇಲೆ ಹೊದಿಸುವ ಹೊದಿಕೆ ಅಷ್ಟೇ, ನಾನು ಕೊಳೆಯ ಮೇಲೆ ಹೊದಿಸಿದ್ದೆ. ಲೋಟದ ತಳದಲ್ಲಿ ಕರಗದೆ ಕೂತ ಉಪ್ಪನ್ನು ಹುಡುಗರಿಗೆ ತೋರಿಸುತ್ತಾ ನಾನು ನಡುವೆ ಮಾತು ನಿಲ್ಲಿಸಿಬಿಟ್ಟೆ.

ಠಾಣೆಯ ಕೋಣೆ ಸೋರುತ್ತಿತ್ತೇನೋ, ಹಳೇ ಬಂದೂಕು ಹೇಗೂ ಕೆಡುತ್ತಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ವಾದಿಸಿಕೊಂಡಿದ್ದೇನೆ. ನನ್ನ ಸಂಶಯ ಯಾವಾಗಲೂ ನನ್ನ ಅನುಕೂಲದ ಕಡೆಗೇ ತಿರುಗುತ್ತದೆ ಎಂಬುದನ್ನು ಮಾತ್ರ ನಾನು ಸಂಶಯಿಸಿರಲಿಲ್ಲ.

ತಪಾಸಣೆಯ ದಿನ ನನಗೆ ಸ್ಪಷ್ಟವಾಗಿ ನೆನಪಿತ್ತು. ಠಾಣೆಯ ಕಟ್ಟೆಯ ಮೇಲೆ ಅಕ್ಕ, ಪಕ್ಕದಲ್ಲಿ ನಾನು. ಬಂದೂಕು ನೋಡುವವರು ನಳಿಗೆಯೊಳಗೆ ಸಣ್ಣ ಬ್ಯಾಟರಿ ಬೆಳಕು ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, "ಪೂರ್ತಿ ತಿಂದ್ಬಿಟ್ಟೈತಮ್ಮ. ಹಾರಿಸಿದ್ರ ಕೈಯಾಗ ಸಿಡೀತೈತಿ. ಯಾರು ಕ್ಲೀನ್ ಮಾಡಿದ್ದು?" ಎಂದರು. "ನಾನೇ ರಿ, ನೀರು ಹಾಕೋದು ಮರ್ತೆ" ಎಂದರು ಅಕ್ಕ. ಆಗ ನಾನು ಒಂದು ಹೆಜ್ಜೆ ಮುಂದೆ ಬಂದು, "ತಪ್ಪು ನನ್ನದು ಸಾಹೇಬ್ರೆ, ಇವರದಲ್ಲ" ಎಂದೆ. ಅದರಿಂದ ಪ್ರಯೋಜನವೇನೂ ಆಗಲಿಲ್ಲ. ಬಂದೂಕು ಅಲ್ಲೇ ಉಳಿಯಿತು, ಹೆಸರು ಬದಲಾಗಲಿಲ್ಲ. ಆದರೂ ಅಷ್ಟು ಹೇಳಿದೆನಲ್ಲ ಎಂಬುದು ಈ ವರ್ಷಗಳಲ್ಲಿ ನನಗಿದ್ದ ಸಮಾಧಾನ.

ಆ ಮುಂಗಾರಿನಲ್ಲಿ ಅಕ್ಕ ಖಾಲಿ ಎಣ್ಣೆ ಡಬ್ಬ ಬಡಿದು ಹೊಲ ಕಾದರು. ಅರ್ಧ ಶೇಂಗಾ ಹಂದಿಯ ಪಾಲಾಯಿತು. ಉಳಿದ ಅರ್ಧದಲ್ಲೇ ಒಂದಿಷ್ಟು ಹುರಿದು ಪುಡಿ ಮಾಡಿ ನನ್ನ ಕೋಣೆಗೂ ಒಂದು ಡಬ್ಬಿ ಕಳಿಸಿದರು. ತೆಗೆದುಕೊಂಡೆ. ನಾನು ವರ್ಗವಾಗಿ ಹರಪನಹಳ್ಳಿಗೆ ಬಂದ ಮೇಲೂ ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಮನೆಗೆ ಬಂದವರ ಮುಂದೆ ನನ್ನನ್ನು ತೋರಿಸಿ, "ಅವತ್ತು ಠಾಣ್ಯಾಗ ಮೇಷ್ಟ್ರು ನನ್ ಬಾಜೂಕ ನಿಂತು, ತಪ್ಪು ನಂದು ಸಾಹೇಬ್ರ ಅಂದ್ರು ನೋಡ್ರಿ. ಇಲ್ಲಂದ್ರ ನಾನು ಅಲ್ಲೇ ಅತ್ತುಬಿಡ್ತಿದ್ದೆ" ಎನ್ನುವರು. ನಾನು ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದೆ. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ನನಗೆ ಹೋಗಲಾಗಲಿಲ್ಲ. ಹೋಗಲಾಗಲಿಲ್ಲವೋ, ಹೋಗಲಿಲ್ಲವೋ...

ಯಂತ್ರ ಸರಿಯಾಗಲು ಎರಡು ತಾಸು ಬೇಕು ಎಂದ ರಿಪೇರಿಯವನು. ಅಕ್ಕನ ತಮ್ಮನ ಕಿರಾಣಿ ಅಂಗಡಿ ಅದೇ ಬೀದಿಯ ಕೊನೆಯಲ್ಲಿತ್ತು. ಹೋದೆ.

"ಬರ್ರಿ ಸಾರ್, ಭಾಳ ಅಪರೂಪ" ಎಂದು ಕೂರಿಸಿ ಚಹಾ ತರಿಸಿದ. ಅಕ್ಕನ ಕೊನೆಯ ದಿನಗಳ ಮಾತು ಬಂತು. ಮಾತಿನ ನಡುವೆ, "ಅವತ್ತು ಠಾಣೆಯಲ್ಲಿ ತಪ್ಪು ಒಪ್ಪಿಕೊಂಡೆ, ಅದಾದರೂ ಮಾಡಿದೆನಲ್ಲ ಅನ್ಸುತ್ತೆ" ಎಂದೆ.

ಅವನು ಲೋಟ ಕೆಳಗಿಟ್ಟ. "ಯಾವತ್ತು ಸಾರ್?"

"ತಪಾಸಣೆಯ ದಿನ."

"ನೀವೆಲ್ಲಿ ಬಂದಿದ್ರಿ?" ಎಂದ. ದನಿಯಲ್ಲಿ ಕಟುತನವೇನೂ ಇರಲಿಲ್ಲ. "ಅಕ್ಕನ್ನ ಗಾಡಿ ಮ್ಯಾಲೆ ಕರ್ಕಂಡು ಹೋಗಿದ್ದು ನಾನು. ನಿಮ್ ಬಾಗಿಲು ಎರಡು ಸಲ ಬಡದ್ಲು. ನೀವು ಮುಂಜಾನೆನೇ ಕೀಲಿ ಹಾಕ್ಕಂಡು ಕಾಲೇಜಿಗೆ ಹೋಗಿಬಿಟ್ಟಿದ್ರಿ. ದಾರ್ಯಾಗ ನಾನು ನಿಮ್ಮನ್ನ ಬೈದೆ ಸಾರ್, ಸುಳ್ಳ್ಯಾಕ ಹೇಳಲಿ. ಅಕ್ಕ ನನಗೇ ಬೈದ್ಲು. 'ಬಾಯಿ ಮುಚ್ಚಲೇ. ಮೇಷ್ಟ್ರು ಬಂದ್ರು ಅಂತ ತಿಳ್ಕೋ' ಅಂದ್ಲು. ಆಮ್ಯಾಲೆ ಎಲ್ಲರಿಗೂ ಹಂಗೇ ಹೇಳ್ಕಂತ ಬಂದ್ಲು."

ಕಟ್ಟೆ, ಬ್ಯಾಟರಿ ಬೆಳಕು, ಮುಚ್ಚಿದ ಒಂದು ಕಣ್ಣು... ಎಲ್ಲವೂ ಅಕ್ಕ ಹೇಳಿದ್ದು. ನಾನು ಮುಂದಿಟ್ಟ ಆ ಒಂದು ಹೆಜ್ಜೆಯನ್ನೂ ಅವರೇ ಇಟ್ಟುಕೊಟ್ಟಿದ್ದರು. ಮೊದಲ ಸಲ ಅವರು ಹಾಗೆ ಹೇಳಿದಾಗ ಅದು ಸುಳ್ಳೆಂದು ನನಗೆ ಗೊತ್ತಿದ್ದಿರಲೇಬೇಕು. ಆಗ ಸುಮ್ಮನಿದ್ದೆ. ಹತ್ತನೆಯ ಸಲಕ್ಕೆ ಅದು ನನ್ನ ನೆನಪಾಗಿತ್ತು.

ತಲೆಯೆತ್ತಿ ಮೇಲೆ ನೋಡಿದೆ. ಅಂಗಡಿಯ ಮುಂಭಾಗಕ್ಕೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು. ಅದಕ್ಕೆ ಶಾಂಪೂ, ಕಾಫಿಪುಡಿಯ ಸಣ್ಣ ಪೊಟ್ಟಣಗಳ ಸರ ತೂಗುಹಾಕಿದ್ದ. ನನ್ನ ನೋಟ ಕಂಡು, "ಹೂಂ, ಅದೇ ಸಾರ್. ಬಂದೂಕಿನ ಸರಳು. ಅಕ್ಕ ಇಟ್ಕಂಡಿದ್ಲು. ವಾರಕ್ಕೊಮ್ಮೆ ಬಿಸಿನೀರು, ಎಣ್ಣಿ, ಕೊನೀತನಕ ಬಿಡ್ಲಿಲ್ಲ" ಎಂದ.

ಎದ್ದು ನಿಂತು ಅದರ ಮೇಲೆ ಬೆರಳಾಡಿಸಿದೆ. ಎಲ್ಲೂ ತಡೆಯಲಿಲ್ಲ. ಬೆರಳನ್ನು ಮೂಗಿಗೆ ಹಿಡಿದೆ. ಕರ್ಪೂರ ಗಾಳಿಗೆ ಹಾರಿಹೋಗುವ ವಸ್ತು, ಎರಡು ವರ್ಷ ಉಳಿಯುವುದು ಸಾಧ್ಯವಿಲ್ಲ. ಅದನ್ನೂ ನಾನೇ ಪಾಠ ಮಾಡುತ್ತೇನೆ. ಆದರೂ ವಾಸನೆ ಬಂತು. ಈ ಸಲ ನಾನು ತಕರಾರು ತೆಗೆಯಲಿಲ್ಲ. ಚಹಾ ಆರಿಹೋಗಿತ್ತು. ತಮ್ಮ ಇನ್ನೊಂದು ಲೋಟ ತರಿಸಿದ.