ಚನ್ನವೀರನ ಅಂಗೈ ಅಕ್ಷರ

ಅಮೆರಿಕದ ಎಲ್ ಸೆಗುಂಡೋ ಊರಿನಲ್ಲಿ ಎಂಜಿನಿಯರ್ ಆಗಿರುವ ನಮ್ಮ ಧಾರವಾಡದ ಚನ್ನವೀರನಿಗೆ ಚೀನೀ ಅಕ್ಷರಗಳ ಹುಚ್ಚು. ಚೀನೀ, ಜಪಾನೀ ಹೋಟೆಲಿಗೆ ಹೋದರೆ ಬಾಗಿಲಲ್ಲೇ ನಿಂತು ಬೋರ್ಡು ಓದುತ್ತಾನೆ. “ಇದನ್ನ ಚೀನಾದವ್ರು ಶಾನ್ ಅಂತಾರ, ಜಪಾನಿನವ್ರು ಯಾಮಾ ಅಂತಾರ. ನಾವು ಗುಡ್ಡ ಅಂತ ಓದಿದ್ರ ಅಕ್ಷರಕ್ಕೇನು ಸಿಟ್ಟು ಬರೂದಿಲ್ಲ!” “ಹೊಟ್ಟಿಗೆ ಬರತೈತ್ರೀ,” ಎನ್ನುತ್ತಾಳೆ ಹೆಂಡತಿ ವೈಶಾಲಿ. ಆ ಭಾಷೆಗಳಲ್ಲಿ ಮಾತನಾಡಲು ಮಾತ್ರ ಅವನಿಗೆ ಬಾರದು. ೨೦೦೪ರ ಬೇಸಿಗೆಯಲ್ಲಿ, ದಾರಿ ತಪ್ಪಿದ ಚೀನೀ ಮುದುಕಿಯೊಬ್ಬಳು ಪಾರ್ಕಿನಲ್ಲಿ ಅಳುತ್ತಿದ್ದಳು. ಯಾರ ಇಂಗ್ಲಿಷೂ ಅವಳಿಗೆ ತಿಳಿಯಲಿಲ್ಲ. ಚನ್ನವೀರ ಅವಳ ಅಂಗೈ ಮೇಲೆ ಬೆರಳಿನಿಂದ ‘ಮನೆ’ ಎಂಬ ಅರ್ಥದ ಚೀನೀ ಅಕ್ಷರ ಬರೆದ. ಅವಳು ಅಳು ನಿಲ್ಲಿಸಿ ಇವನ ಅಂಗೈ ಮೇಲೆ ‘ಸೇತುವೆ’ ಎಂದು ಬರೆದಳು. ಸೇತುವೆ ದಾಟಿಸಿ, ಗಾಬರಿಯಿಂದ ಹುಡುಕುತ್ತಿದ್ದ ಮಗಳಿಗೆ ಒಪ್ಪಿಸುವವರೆಗೂ ಮುದುಕಿ ಕೈ ಬಿಡದೆ ಚೀನೀ ಭಾಷೆಯಲ್ಲಿ ಏನೋ ಕೇಳುತ್ತಲೇ ಇದ್ದಳು. ಇವನು ಪ್ರತಿ ಸಲವೂ, “ಹೌದವಾ, ಬಂದ್ವಿ, ಬಂದೇ ಬಿಟ್ವಿ,” ಎನ್ನುತ್ತಿದ್ದ.